ಓಲೆಗರಿಯ ಋಣ: ಡಾ. ಫ. ಗು. ಹಳಕಟ್ಟಿಯವರು

ಹೊತ್ತಗೆಯನ್ನೋದಿ ಸಂತೋಷಪಟ್ಟವರು ಲೋಕದಲ್ಲಿ ಅಸಂಖ್ಯರು. ಓದಿದ ಹೊತ್ತಗೆಗಾಗಿ ಇದ್ದ ಮನೆಯನ್ನೇ ಮಾರಿದವರು ವಿರಳ. ಅಂಥ ವಿರಳರಲ್ಲೊಬ್ಬರು ವಚನ ಪಿತಾಮಹರೆಂದು ನಾಡೆಲ್ಲ ಗೌರವಿಸುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಅವರ ಜನನವಾಯಿತು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಬರೆಯಬಲ್ಲವರು, ತಾಯಿ ದಾನಾದೇವಿ. ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಗೆ ತೆರಳಿದ ತರುಣನಿಗೆ ಅಲ್ಲಿ ಆಲೂರು ವೆಂಕಟರಾಯರ ಸಹವಾಸ ದೊರೆಯಿತು. ಮರಾಠಿ, ಗುಜರಾತಿ ಜನರು ತಮ್ಮ ತಮ್ಮ ನುಡಿಯಲ್ಲಿಟ್ಟಿದ್ದ ಅಭಿಮಾನವನ್ನು ಕಂಡು, ಕನ್ನಡಿಗರ ಔದಾಸೀನ್ಯವು ಅವರ ಮನಸ್ಸನ್ನು ಚುಚ್ಚಿತು. ಕಾನೂನು ಪದವಿಯನ್ನು ಪಡೆದು 1904ರಲ್ಲಿ ಬೆಳಗಾವಿಯಲ್ಲಿ ವಕೀಲಿಗೆ ತೊಡಗಿದರು. ಅನಂತರ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದು ನೆಲೆಸಿದರು. ಬುದ್ಧಿಯೂ ವಾಕ್ಶಕ್ತಿಯೂ ಇದ್ದ ವಕೀಲರಿಗೆ ಆ ಕಾಲದಲ್ಲಿ ಸಂಪತ್ತು ದುರ್ಲಭವಾಗಿರಲಿಲ್ಲ.

ಆದರೆ ವಿಧಿಯು ಬನಹಟ್ಟಿಯಲ್ಲಿ ಅವರಿಗಾಗಿ ಬೇರೊಂದನ್ನು ಕಾದಿರಿಸಿತ್ತು. ಅಲ್ಲಿಯ ಮಂಚಾಲೆ ಮನೆತನದವರಲ್ಲಿ ಕೆಲವು ಓಲೆಗರಿಯ ಕಟ್ಟುಗಳಿದ್ದವು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಳಕಟ್ಟಿಯವರು ಅವನ್ನು ಕಂಡರು. ಪ್ರಭುದೇವರ ವಚನಗಳನ್ನು ಅವುಗಳಲ್ಲಿ ಓದಿದರು. ಅಂದು ನಮ್ಮ ಸೀಮೆಯ ಅನೇಕ ಮನೆಗಳಲ್ಲಿಯೂ ಮಠಗಳಲ್ಲಿಯೂ ಇಂಥ ಕಟ್ಟುಗಳು ವಸ್ತ್ರದಲ್ಲಿ ಸುತ್ತಲ್ಪಟ್ಟು, ವಿಭೂತಿ ಪತ್ರಿಗಳನ್ನು ಏರಿಸಿಕೊಂಡು ಜಗಲಿಯ ಮೇಲೆ ಕುಳಿತಿದ್ದವು. ಪೂಜೆ ತಪ್ಪುತ್ತಿರಲಿಲ್ಲ, ಓದು ಮಾತ್ರ ನಿಂತುಹೋಗಿತ್ತು. ಶರಣರ ಮಾತು ಶರಣರ ಮಕ್ಕಳ ಮನೆಯಲ್ಲಿಯೇ ಮೂಕವಾಗಿತ್ತೆಂದರೆ ಅತ್ಯುಕ್ತಿಯಾಗಲಾರದು.

ಓಲೆಗರಿಯನ್ನೋದುವುದು ಅಚ್ಚಿನ ಪುಸ್ತಕವನ್ನೋದಿದಂತಲ್ಲ. ಕಂಠದಿಂದ ಕೊರೆದ ಅಕ್ಷರಗಳಿಗೆ ಮಸಿಯನ್ನು ತೀಡಿದ ಹೊರತು ಅವು ಕಣ್ಣಿಗೆ ನಿಲುಕವು. ಪದದಿಂದ ಪದಕ್ಕೆ ತೆರಪಿಲ್ಲ. ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದನ್ನು ಅಂಕಿತವನ್ನು ನೋಡಿ ಅರಿಯಬೇಕು. ಅಂಚು ಮುರಿದಲ್ಲಿ, ಹುಳು ತಿಂದಲ್ಲಿ, ಲಿಪಿಕಾರನು ಎಡವಿದಲ್ಲಿ ಓದುವವನ ತಾಳ್ಮೆಯೇ ದೀಪ. ನ್ಯಾಯಾಲಯದ ಕಾಗದಪತ್ರಗಳನ್ನು ಅಕ್ಷರ ಬಿಡದೆ ನೋಡುವ ವಕೀಲರ ಕಣ್ಣು ಇಲ್ಲಿ ಅವರಿಗೆ ಒದಗಿಬಂದಿರಬೇಕು. ಒಂದು ಕಟ್ಟಿನ ಓದು ಮತ್ತೊಂದರ ಹಸಿವನ್ನು ಹುಟ್ಟಿಸಿತು. ಊರೂರು ತಿರುಗಿದರು, ಮಠಾಧಿಪತಿಗಳನ್ನು ಬೇಡಿದರು, ಪೂಜೆಯ ಕಟ್ಟನ್ನು ಕೊಡಲೊಲ್ಲದ ಗೃಹಸ್ಥರ ಮನವೊಲಿಸಿದರು, ತಂದುದನ್ನೆಲ್ಲ ಪ್ರತಿಮಾಡಿಕೊಂಡರು. ಹೀಗೆ ಎರಡು ದಶಕಗಳ ಸಮೀಪ ಕಳೆದುವು.

ಸಂಗ್ರಹವು ಸಿದ್ಧವಾದ ಮೇಲೆ ಮುದ್ರಣದ ಚಿಂತೆ. ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿದರು. ಅದು ಅಚ್ಚಾಗದೆ ಮರಳಿ ಬಂದಿತು. ಅಷ್ಟು ವರ್ಷಗಳ ದುಡಿಮೆ ತಿರುಗಿ ಬಾಗಿಲಿಗೆ ಬಂದು ನಿಂತಾಗ ಬೇರೊಬ್ಬರಾಗಿದ್ದರೆ ಅದನ್ನೂ ಜಗಲಿಗೇರಿಸಿ ಸುಮ್ಮನಾಗುತ್ತಿದ್ದರೇನೋ! ಹಳಕಟ್ಟಿಯವರು ಬೆಳಗಾವಿಯ ಮಹಾವೀರ ಮುದ್ರಣಾಲಯವನ್ನು ಆಶ್ರಯಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಕು ಕಂಡಿತು.

ಪರರ ಅಚ್ಚಿನ ಮನೆಯನ್ನು ನೆಚ್ಚಿ ಈ ಕಾರ್ಯವು ಸಾಗದೆಂಬುದು ಅವರಿಗೆ ಮನದಟ್ಟಾಗಿತ್ತು. 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕೆ ಬೇಕಾದ ಹಣಕ್ಕಾಗಿ ಸ್ವಂತ ಮನೆಯನ್ನು ಮಾರಿ ಬಾಡಿಗೆಯ ಮನೆಗೆ ನಡೆದರು. ಪತ್ನಿ ಭಾಗೀರಥಿಬಾಯಿಯವರು ಈ ಬಡತನವನ್ನು ಪತಿಯೊಡನೆ ಹಂಚಿಕೊಂಡರು. ವಚನ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಆ ತಾಯಿಯನ್ನು ಮರೆಯುವುದು ಉಚಿತವಲ್ಲ. ಮರುವರ್ಷ ‘ಶಿವಾನುಭವ’ ಪತ್ರಿಕೆಯೂ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಟವು. ವಚನಗಳಲ್ಲದೆ ಹರಿಹರನ ಅನೇಕ ರಗಳೆಗಳು, ಶೂನ್ಯಸಂಪಾದನೆ ಮೊದಲಾದವು ಅವರಿಂದ ಅಚ್ಚಿನ ಮುಖವನ್ನು ಕಂಡವು. ಸಂಪಾದನೆ, ಕರಡು ತಿದ್ದುವುದು, ಚಂದಾದಾರರಿಗೆ ಬರೆಯುವುದು, ಎಲ್ಲವೂ ಬಹುಮಟ್ಟಿಗೆ ಅವರ ತಲೆಯ ಮೇಲೆಯೇ. ಹರಿದು ಹೊಲಿದ ಕೋಟನ್ನು ತೊಟ್ಟು ಬಿಜಾಪುರದ ಬೀದಿಗಳಲ್ಲಿ ಸಂಚರಿಸುತ್ತಿದ್ದ ಆ ಮೂರ್ತಿಯು ಊರಿನ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು.

ಅವರ ಸಂಪಾದನೆಯಲ್ಲಿ ಕುಂದುಗಳಿಲ್ಲವೆಂದಲ್ಲ. ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಶಾಸ್ತ್ರದ ರೂಪಕ್ಕೆ ತಂದುದರಿಂದ ಹಸ್ತಪ್ರತಿಗಳ ಅನುಕ್ರಮವು ಸಡಿಲಿತು. ಪಾಠಾಂತರಗಳ ವಿಚಾರದಲ್ಲಿ ಇಂದಿನ ಗ್ರಂಥಸಂಪಾದನಶಾಸ್ತ್ರವು ಬಯಸುವ ಕಟ್ಟುನಿಟ್ಟು ಅಲ್ಲಿಲ್ಲ. ಇದನ್ನು ಮುಚ್ಚಿಡುವುದು ಅವರಿಗೆ ಸಲ್ಲಿಸುವ ಗೌರವವಾಗದು. ಆದರೆ ಮೊದಲು ಹೊಲವನ್ನು ಕಡಿದು ಹಸನುಮಾಡಿದವನಿಗೂ ಆಮೇಲೆ ಕಳೆ ಕಿತ್ತವನಿಗೂ ಅಂತರವುಂಟು. ಶಿ. ಶಿ. ಬಸವನಾಳ, ರಂ. ಚಂ. ಹಿರೇಮಠ, ಎಂ. ಎಂ. ಕಲಬುರ್ಗಿ ಮುಂತಾದ ವಿದ್ವಾಂಸರು ಪರಿಷ್ಕರಣದ ಕೆಲಸವನ್ನು ಮುಂದುವರಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಆ ಹಾದಿಯ ಮೊದಲ ಹೆಜ್ಜೆಗಳಲ್ಲಿ ಬನಹಟ್ಟಿಯ ಕಟ್ಟೂ ಒಂದು.

1910ರಲ್ಲಿ ಬಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆಯನ್ನೂ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಿದ ಶ್ರೇಯಸ್ಸು ಅವರದು; ಮುಂಬಯಿ ಶಾಸನ ಸಭೆಯಲ್ಲಿಯೂ ಸದಸ್ಯರಾಗಿದ್ದರು. 1926ರ ಬಳ್ಳಾರಿಯ ಸಾಹಿತ್ಯ ಸಮ್ಮೇಲನವು ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ನೀಡಿತು. ಪದವಿ ಬಂದಿತು, ಸಾಲದ ಚಿಂತೆ ಬಿಡಲಿಲ್ಲ. ಆದರೂ ಶಿವಾನುಭವವು ಮೂರು ದಶಕಗಳನ್ನು ಮೀರಿ ನಡೆಯಿತು.

1964ರ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. 84 ತುಂಬಲು ಇನ್ನು ಮೂರೇ ದಿನಗಳಿದ್ದವು.