ಮೈಕಿಲ್ಲದ ಕಾಲದ ದನಿ: ಬಿಡಾರಂ ಕೃಷ್ಣಪ್ಪ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಊರಿನ ಗೆಳೆಯರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿದ್ದರು. ದಿನವಿಡೀ ಅದೇ ಕೆಲಸ ಮಾಡುವವನಿಗೆ ರಾತ್ರಿ ಕೂತು ಮತ್ತೆ ಅದನ್ನೇ ಬರೆಯಲು ಮನಸ್ಸಾಗಲಿಲ್ಲ. ಬದಲಿಗೆ ಮೈಸೂರಿನ ಒಬ್ಬ ಹಾಡುಗಾರರ ಬಗ್ಗೆ ಬರೆಯುತ್ತಿದ್ದೇನೆ. ನಾನು ಬಿ.ಇ. ಓದಿದವನು, ಸಂಗೀತ ಓದಿದವನಲ್ಲ. ಬಲ್ಲವರು ತಪ್ಪಿದ್ದರೆ ಮನ್ನಿಸಬೇಕು.

ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ಮುಂದೆ ನಿಂತು ಹಾಡುತ್ತಿದ್ದವರಲ್ಲಿ ನಾನೂ ಒಬ್ಬ. ಕನ್ನಡ ಮೇಷ್ಟ್ರಿಗೆ ನನ್ನ ದನಿ ಹಿಡಿಸಿ, ಪ್ರತಿಭಾ ಕಾರಂಜಿಗೆ ಕೋಟೆಗೆ ಕರೆದುಕೊಂಡು ಹೋದರು. ಆಗ ಒಂಬತ್ತನೇ ತರಗತಿ, ಗಂಟಲು ಒಡೆಯುವ ವಯಸ್ಸು. ಅದುವರೆಗೆ ಸಲೀಸಾಗಿ ಮುಟ್ಟುತ್ತಿದ್ದ ಮೇಲಿನ ಸ್ವರಕ್ಕೆ ಹೋದಾಗ ದನಿ ಕೀಚಲಾಗಿ ಒಡೆಯಿತು, ಮುಂದೆ ಕೂತಿದ್ದವರೆಲ್ಲ ಘೊಳ್ಳೆಂದು ನಕ್ಕರು. ಹಾಡನ್ನು ಅರ್ಧಕ್ಕೆ ಬಿಟ್ಟು ಇಳಿದೆ. ಮೇಷ್ಟ್ರು ಏನೂ ಅನ್ನಲಿಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುವಾಗ ಬೋಂಡ ಕೊಡಿಸಿದರು. ಆಮೇಲೆ ನಾನು ಹಾಡಲಿಲ್ಲ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಒಂದು ರಾಮನವಮಿಯ ಸಂಜೆ, ರೂಮಿನ ಜೊತೆಗಾರನೊಬ್ಬ ಪಾನಕ, ಕೋಸಂಬರಿಯ ಆಸೆ ತೋರಿಸಿ ಶಿವರಾಮಪೇಟೆಯ ರಾಮಮಂದಿರಕ್ಕೆ ಕರೆದುಕೊಂಡು ಹೋದ. ಒಳಗೆ ಕಚೇರಿ ನಡೆಯುತ್ತಿತ್ತು. ಅದು ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರವೆಂದು ಆಮೇಲೆ ತಿಳಿಯಿತು. ಒಬ್ಬ ಹಾಡುಗಾರ ಹಾಡಿ ಗಳಿಸಿದ ಹಣದಲ್ಲಿ ಇಂಥದ್ದನ್ನು ಕಟ್ಟಿಸಿದರೇ ಎಂದು ಆಶ್ಚರ್ಯವಾಗಿ, ಅವರ ವಿಷಯ ಓದತೊಡಗಿದೆ.

ಕೃಷ್ಣಪ್ಪನವರು ಹುಟ್ಟಿದ್ದು 1866ರಲ್ಲಿ. ಮನೆಮಾತು ಕೊಂಕಣಿ, ಮೂಲ ಉಡುಪಿ ಕಡೆ. ಮನೆಯವರು ಆಟದ ಮೇಳದವರು. ಊರೂರು ತಿರುಗಿ ಆಡುತ್ತಿದ್ದ ಅವರು ಮೈಸೂರಿಗೆ ಬಂದು ನಿಂತರು. ಮೇಳದವರು ಇಳಿದುಕೊಂಡ ಜಾಗಕ್ಕೆ ಬಿಡಾರವೆಂದು ಹೆಸರು. ಆ ಬಿಡಾರವೇ ಹುಡುಗನ ಹೆಸರಿನ ಮುಂದೆ ಕೊನೆಯವರೆಗೂ ಅಂಟಿಕೊಂಡಿತು. ನಮ್ಮಲ್ಲಿ ಮನೆತನದ ಹೆಸರು ಊರಿನಿಂದಲೋ ಕಸುಬಿನಿಂದಲೋ ಬರುವುದುಂಟು, ಇವರಿಗೆ ಬಂದದ್ದು ಇಳಿದುಕೊಂಡ ಜಾಗದಿಂದ.

ಪಶ್ಚಿಮದವರ ಒಪೆರಾದಲ್ಲಿ ಕಥೆಯನ್ನು ಹಾಡಿನಲ್ಲೇ ಆಡಿ ತೋರಿಸುತ್ತಾರೆ, ಹಾಡುಗಾರರು ಮೈಕು ಮುಟ್ಟುವುದಿಲ್ಲ. ನಮ್ಮ ಬಯಲಾಟ, ಯಕ್ಷಗಾನಗಳೂ ಹಾಗೆಯೇ ಇದ್ದವು. ಊರಲ್ಲಿ ಕುರುಕ್ಷೇತ್ರ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಮೈಕು ಇದೆ. ಆಗ ಪಂಜಿನ ಬೆಳಕಿನಲ್ಲಿ, ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೂ ಪದ ಕೇಳಬೇಕಿತ್ತು. ಕೃಷ್ಣಪ್ಪನವರ ಗಂಭೀರವಾದ, ದೂರಕ್ಕೆ ಮುಟ್ಟುವ ಶಾರೀರವನ್ನು ಹಿರಿಯರು ಬಾಯಿತುಂಬ ಹೊಗಳಿದ್ದಾರೆ. ಅದರ ಬೇರು ಆ ಮೇಳದಲ್ಲಿರಬೇಕೆಂದು ನನ್ನ ಊಹೆ.

ಬಾಲ್ಯ ಬಡತನದ್ದು. ಹಸಿದ ಹುಡುಗ ಹಾಡುತ್ತಿದ್ದುದನ್ನು ಕೇಳಿದ ಮೈಸೂರಿನ ಸಾಹುಕಾರರೊಬ್ಬರು ಮನಸ್ಸು ಕರಗಿ ಪಾಠಕ್ಕೆ ಏರ್ಪಾಡು ಮಾಡಿದರು ಎಂಬ ಕಥೆ ಪ್ರಸಿದ್ಧವಾಗಿದೆ. ಮುಂದೆ ವೀಣೆ ಶೇಷಣ್ಣನವರಂಥ ದೊಡ್ಡವರ ಹತ್ತಿರ ಕಲಿಕೆ ಬೆಳೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದ್ವಾಂಸರಾದರು, ಗಾನವಿಶಾರದ ಎನ್ನಿಸಿಕೊಂಡರು.

ಜನ ಅವರನ್ನು ಪಲ್ಲವಿ ಕೃಷ್ಣಪ್ಪ ಎಂದೂ ಕರೆಯುತ್ತಿದ್ದರು. ಪಲ್ಲವಿ ಎಂದರೆ ಏನೆಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಸಾಹಿತ್ಯದ ಒಂದೇ ಒಂದು ಸಾಲು. ಅದನ್ನು ಒಂದು ರಾಗಕ್ಕೆ, ಒಂದು ತಾಳಕ್ಕೆ ಕೂರಿಸುತ್ತಾರೆ. ಕೈಯಲ್ಲಿ ತಾಳ ಒಂದೇ ನಡೆಯಲ್ಲಿ ಸಾಗುತ್ತಿರುತ್ತದೆ, ಬಾಯಲ್ಲಿ ಅದೇ ಸಾಲು ಎರಡರಷ್ಟು, ನಾಲ್ಕರಷ್ಟು ವೇಗವಾಗುತ್ತದೆ, ಮತ್ತೆ ನಿಧಾನಕ್ಕಿಳಿಯುತ್ತದೆ. ಏನೇ ಮಾಡಿದರೂ ಸಾಲಿನ ಮುಖ್ಯವಾದ ಅಕ್ಷರ ತಾಳದ ಅದೇ ಜಾಗಕ್ಕೆ ಬಂದು ಬೀಳಬೇಕು. ಅರ್ಧ ಎಣಿಕೆ ತಪ್ಪಿದರೂ ಸಭೆಗೆ ಗೊತ್ತಾಗುತ್ತದೆ. ಆ ಕಾಲದಲ್ಲಿ ವಿದ್ವಾಂಸರು ಒಬ್ಬರಿಗೊಬ್ಬರು ಸವಾಲು ಹಾಕುತ್ತಿದ್ದುದೇ ಇದರಲ್ಲಿ. ನಮ್ಮ ಪ್ರೋಗ್ರಾಮ್‌ನಲ್ಲಿ ತಪ್ಪಾದರೆ ತಿದ್ದಿ ಮತ್ತೆ ಓಡಿಸಬಹುದು, ಅಲ್ಲಿ ಆ ಅವಕಾಶವಿಲ್ಲ.

ಇಷ್ಟು ಕಠಿಣ ವಿದ್ಯೆ ಕೈವಶವಾಗಿದ್ದವರು ದಾಸರ ಪದಗಳನ್ನು ಕಚೇರಿಯಲ್ಲಿ ಮನಸ್ಸಿಟ್ಟು ಹಾಡುತ್ತಿದ್ದರು ಎಂಬುದು ನನಗೆ ಬಹಳ ಹಿಡಿಸಿದ ವಿಷಯ. ಆಗಿನ ಕಚೇರಿಗಳಲ್ಲಿ ತೆಲುಗು, ಸಂಸ್ಕೃತ ಕೃತಿಗಳದ್ದೇ ರಾಜ್ಯಭಾರ. ಕನ್ನಡದ ದೇವರನಾಮಕ್ಕೆ ಭಜನೆಯ ಮನೆಯಲ್ಲಿದ್ದ ಮರ್ಯಾದೆ ವಿದ್ವತ್ ಸಭೆಯಲ್ಲಿ ಇರಲಿಲ್ಲ. ಅದಕ್ಕೆ ಅಲ್ಲಿ ಜಾಗ ಮಾಡಿಕೊಟ್ಟ ಮೊದಲಿಗರಲ್ಲಿ ಇವರೊಬ್ಬರು.

ಇನ್ನು ಪಾಠದ ವಿಷಯ. ನಮ್ಮೂರ ಹತ್ತಿರ ಬೀಚನಹಳ್ಳಿಯಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿರುವ ಕಪಿಲೆ, ನಂಜನಗೂಡು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ತಿರುಮಕೂಡಲಿನ ಹುಡುಗ ಟಿ. ಚೌಡಯ್ಯ, 1910ರ ಸುಮಾರಿಗೆ, ಇನ್ನೂ ಹದಿನಾರರ ಆಸುಪಾಸಿನಲ್ಲಿರುವಾಗ ಕೃಷ್ಣಪ್ಪನವರ ಶಿಷ್ಯನಾದ. ಗುರುಕುಲವೆಂದರೆ ಗುರುವಿನ ಮನೆಯಲ್ಲೇ ಇದ್ದು, ಬೆಳಗಿನ ಜಾವಕ್ಕೇ ಎದ್ದು ಸಾಧನೆ. ಗುರುಗಳು ಬಹಳ ಕಟ್ಟುನಿಟ್ಟು. ಶ್ರುತಿ ಒಂದೆಳೆ ಜಾರಿದರೂ ಸಹಿಸುವವರಲ್ಲ.

ಇಲ್ಲಿ ಒಂದು ವಿಚಿತ್ರ ನೋಡಿ. ಗುರು ಹಾಡುಗಾರ, ಶಿಷ್ಯ ಲೋಕಪ್ರಸಿದ್ಧನಾದದ್ದು ಪಿಟೀಲಿನಲ್ಲಿ. ಬಾಯಿಂದ ಹೇಳಿಕೊಟ್ಟದ್ದನ್ನು ಚೌಡಯ್ಯನವರು ಕಮಾನಿನಿಂದ ಹಾಡಿದರು. ಮೈಕಿಲ್ಲದ ಸಭೆಗಳಲ್ಲಿ ಜನ ಹೆಚ್ಚಿದಂತೆ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೆಂದು ಅವರು ಇನ್ನೂ ಮೂರು ತಂತಿ ಸೇರಿಸಿ, ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿಯುವಂತೆ ಮಾಡಿದರು. ಇದು 1927ರ ಸುಮಾರಿನ ಮಾತು, ಗುರುಗಳು ಇನ್ನೂ ಬದುಕಿದ್ದರು. ಕೊನೆಯ ಚಾಪೆಯವರೆಗೂ ಕೇಳಬೇಕೆಂಬ ಆ ಹಟ ಗುರುವಿನ ಮನೆಯಿಂದಲೇ ಬಂದದ್ದೆಂದು ನನಗನ್ನಿಸುತ್ತದೆ. ಚೌಡಯ್ಯನವರಿಗೆ 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಅವರ ಹೆಸರಿನದೇ.

ಇನ್ನೊಬ್ಬ ಶಿಷ್ಯರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು. ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಹೇಳುತ್ತಿದ್ದ ಅವರೇ ಮುಂದೆ ಅನ್ನಮಾಚಾರ್ಯರ ಎಷ್ಟೋ ಕೀರ್ತನೆಗಳಿಗೆ ರಾಗ ಕಟ್ಟಿದರು. ಬಿ. ದೇವೇಂದ್ರಪ್ಪನವರೂ ಇದೇ ಮನೆಯಲ್ಲಿ ಕಲಿತವರು, ಹಲವು ವಾದ್ಯ ಬಲ್ಲವರು. ಒಬ್ಬ ಹಾಡುಗಾರನ ಮನೆಯಿಂದ ಒಂದೊಂದು ದಾರಿ ಹಿಡಿದು ಇಷ್ಟು ಜನ ಹೊರಟರು.

ಗಳಿಸಿದ್ದನ್ನು ಕೃಷ್ಣಪ್ಪನವರು ಹೆಚ್ಚಾಗಿ ಮಂದಿರಕ್ಕೇ ಸುರಿದರು. ಬಿಡಾರದಲ್ಲಿ ಬೆಳೆದವರು ತಮ್ಮ ಮನೆಗಿಂತ ರಾಮನ ಮನೆಯನ್ನೇ ದೊಡ್ಡದಾಗಿ ಕಟ್ಟಿದರು, ಅಲ್ಲಿ ಸಂಗೀತ ನಡೆಯಲೆಂದು. 1931ರಲ್ಲಿ ತೀರಿಕೊಂಡರು. ಆಮೇಲೆ ಮಂದಿರದ ಹೊಣೆ ಹೊತ್ತವರಲ್ಲಿ ಚೌಡಯ್ಯನವರು ಮುಖ್ಯರು.

ನಾನು ಅವರ ದನಿ ಕೇಳಿದವನಲ್ಲ. ಅವರ ವಿಷಯ ಓದಿದ ಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಒಬ್ಬರು ಅಮ್ಮನ ಹತ್ತಿರ ಪಾಠಕ್ಕೆ ಸೇರಿದೆ. ಅವರು ಆರು ತಿಂಗಳು ಮಂದ್ರದ ಸ್ವರಗಳನ್ನು ಬಿಟ್ಟು ಮೇಲೆ ಹತ್ತಲು ಬಿಡಲಿಲ್ಲ. ಹಳೆಯ ಕಥೆ ಹೇಳಿದಾಗ ನಕ್ಕು, ಒಡೆದ ಗಂಟಲಿನ ಹುಡುಗನಿಗೆ ಶ್ರುತಿ ಇಳಿಸಿದ್ದರೆ ಸಾಕಿತ್ತು ಎಂದರು. ಇಷ್ಟು ಸಣ್ಣ ಮಾತು ಗೊತ್ತಿಲ್ಲದೆ ಹದಿನೈದು ವರ್ಷ ಸುಮ್ಮನಿದ್ದೆನಲ್ಲ ಎಂದು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹೋದ ಸಲ ಊರಿಗೆ ಬಂದಾಗ ಬೆಳಿಗ್ಗೆ ಶಾಲೆಯ ಕಡೆ ಹೋಗಿದ್ದೆ. ಕರೆಂಟು ಇರಲಿಲ್ಲ, ಮೈಕಿಲ್ಲದೆಯೇ ಪ್ರಾರ್ಥನೆ. ಮುಂದೆ ನಿಂತಿದ್ದ ನಾಲ್ವರಲ್ಲಿ ಒಬ್ಬ ಹುಡುಗ ಮೇಲಿನ ಸ್ವರ ಬಂದಾಗಲೆಲ್ಲ ಬಾಯಿ ಮಾತ್ರ ಆಡಿಸುತ್ತಿದ್ದ. ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರ ಅಪ್ಪಣೆ ಕೇಳಿ ಅವನನ್ನು ಕರೆದು, ಎರಡು ಮನೆ ಕೆಳಗಿನ ಶ್ರುತಿಯಲ್ಲಿ ಶುರು ಮಾಡಿಸಿದೆ. ಕೊನೆಯವರೆಗೂ ಹಾಡಿದ.