ಪಾಸ್ಕಲ್‌ಗೂ ತಲೆನೋವಿತ್ತು

ಹಾಸ್ಟೆಲ್‌ನಲ್ಲಿ ನಾವು ದಿನಕ್ಕೆ ಹತ್ತು ಸಲ ಅನ್ನೋ ಮಾತು ತಲೆನೋವು. ಲ್ಯಾಬ್ ರೆಕಾರ್ಡ್ ತಲೆನೋವು, ಇಂಟರ್ನಲ್ಸ್ ತಲೆನೋವು, ಮೆಸ್ಸಿನ ಉಪ್ಪಿಟ್ಟೂ ತಲೆನೋವು. ಆದ್ರೆ ನಮ್ಮ ರೂಮಿನ ಮೂವರಲ್ಲಿ ಒಬ್ಬನಿಗೆ ಅದು ಬರೀ ಮಾತಲ್ಲ. ಪಿಯುಸಿಯಲ್ಲಿ ಶುರುವಾದದ್ದು, ಇನ್ನೂ ಬಿಟ್ಟಿಲ್ಲ. ಬಂತು ಅಂದ್ರೆ ಟ್ಯೂಬ್‌ಲೈಟ್ ಆರಿಸಬೇಕು, ಫ್ಯಾನಿನ ಸದ್ದೂ ಆಗಲ್ಲ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲ್ಲ. ಹೋದ ಸೆಮಿಸ್ಟರ್ ಎರಡು ಪೇಪರ್ ಅದರಿಂದಲೇ ಹೋದವು. ರಿಸಲ್ಟ್ ಬಂದ ರಾತ್ರಿ ಅವನು, ಓದೂ ಬೇಡ ಏನೂ ಬೇಡ ಅಂತ ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಉಳಿದ ಇಬ್ಬರಿಗೆ ಏನು ಹೇಳಬೇಕು ಅಂತ ತಿಳೀಲಿಲ್ಲ.

ಮುಂದಿನ ವಾರ ಫ್ಲೂಯಿಡ್ ಮೆಕ್ಯಾನಿಕ್ಸ್ ವೈವಾಗೆ ಓದ್ತಾ ಇದ್ವಿ. ಗೇಜ್ ಮೇಲೆ ಕಿಲೋಪಾಸ್ಕಲ್ ಅಂತಿದೆಯಲ್ಲ, ಆ ಪಾಸ್ಕಲ್ ಯಾರು ಅಂತ ಸರ್ ಕೇಳೇ ಕೇಳ್ತಾರೆ ಅಂತ ಹುಡುಕಿದ್ವಿ. ಅವನ ನಿಯಮ ನಮಗೆ ಹೊಸದಲ್ಲ. ನಾವು ಮೂವರೂ ಸಂಪಗಾಂವ, ಬೈಲಹೊಂಗಲ ಕಡೆಯವರು. ಮುಚ್ಚಿಟ್ಟ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲಾ ಕಡೆಗೂ ಅಷ್ಟೇ ಹೋಗುತ್ತೆ. ನಮ್ಮ ಹೊಲದ ಟ್ರ್ಯಾಕ್ಟರ್ ನೇಗಿಲು ಎತ್ತೋದು ಇದರ ಮೇಲೇನೇ. ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಂನಲ್ಲಿ ನೀರು ಆಳವಾದಷ್ಟೂ ಗೋಡೆಗೆ ಒತ್ತಡ ಜಾಸ್ತಿ, ಆ ಲೆಕ್ಕದ ಯೂನಿಟ್ಟೂ ಅವನ ಹೆಸರಲ್ಲೇ ಇದೆ. ಆದ್ರೆ ಅವನಿಗೂ ವರ್ಷಗಟ್ಟಲೆ ಬಿಡದ ತಲೆನೋವಿತ್ತು ಅನ್ನೋದು ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಇರಲಿಲ್ಲ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸ್‌ನ ಕ್ಲೆರ್ಮಾಂ ಅನ್ನೋ ಊರಲ್ಲಿ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅಕ್ಕ ಗಿಲ್ಬರ್ಟ್, ತಂಗಿ ಜಾಕ್ಲಿನ್, ತಂದೆ ಎತಿಯೆನ್, ಇಷ್ಟೇ ಮನೆ. ತಂದೆ ಮಗನನ್ನು ಶಾಲೆಗೆ ಕಳಿಸದೆ ತಾನೇ ಕಲಿಸಿದ. ಹುಡುಗ ಗಣಿತದ ರುಚಿ ಹತ್ತಿಸಿಕೊಂಡರೆ ಲ್ಯಾಟಿನ್, ಗ್ರೀಕ್ ಬಿಟ್ಟುಬಿಡ್ತಾನೆ ಅಂತ ಗಣಿತದ ಪುಸ್ತಕ ಬಚ್ಚಿಟ್ಟಿದ್ದ. ಆದರೂ ಹನ್ನೆರಡನೇ ವಯಸ್ಸಿಗೆ ಹುಡುಗ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ತ್ರಿಕೋನದ ಕೋನಗಳ ಲೆಕ್ಕ ತಾನೇ ಕಂಡುಕೊಂಡ ಅಂತ ಅಕ್ಕ ಬರೆದಿಟ್ಟಿದ್ದಾಳೆ. ಹದಿನಾರಕ್ಕೆ ಕಾನಿಕ್ಸ್ ಬಗ್ಗೆ ಒಂದು ಪ್ರಬಂಧ ಬರೆದ.

1639ರಲ್ಲಿ ತಂದೆಗೆ ರುವಾಂ ಊರಿನಲ್ಲಿ ತೆರಿಗೆ ಕೆಲಸ ಸಿಕ್ಕಿತು. ರಾತ್ರಿ ಪೂರಾ ಕೂಡಿಸೋದು ಕಳೆಯೋದು. ಅಲ್ಲಿಯ ದುಡ್ಡಿನ ಲೆಕ್ಕವೂ ಸುಲಭದ್ದಲ್ಲ: 12 ದನಿಯೆಗೆ ಒಂದು ಸೋಲ್, 20 ಸೋಲ್‌ಗೆ ಒಂದು ಲೀವ್ರ್. ನಮ್ಮ ಅಜ್ಜಂದಿರ ಕಾಲದ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಇದ್ದ ಹಂಗೆ. ಅಪ್ಪನ ಕಷ್ಟ ನೋಡಿ ಮಗ 1642ರಲ್ಲಿ ಲೆಕ್ಕದ ಮಷೀನ್ ಮಾಡೋಕೆ ಕೂತ. ಆಗ ಅವನಿಗೆ ಹತ್ತೊಂಬತ್ತು, ಅಂದ್ರೆ ನಮ್ಮದೇ ವಯಸ್ಸು. ಒಂದು ಚಕ್ರ ಒಂಬತ್ತು ದಾಟಿದ ಕೂಡಲೇ ಪಕ್ಕದ ಚಕ್ರ ತಾನಾಗಿಯೇ ಒಂದು ಹಲ್ಲು ಮುಂದೆ ಹೋಗಬೇಕು, ಅಂದ್ರೆ ಕ್ಯಾರಿ. ಅದೇ ಕಷ್ಟದ ಭಾಗ. ಕಳೆಯೋದಕ್ಕೆ ಒಂಬತ್ತರ ಕಾಂಪ್ಲಿಮೆಂಟ್ ಬಳಸಿದ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ನಾವು ಕಾಂಪ್ಲಿಮೆಂಟ್ ಹಾಕಿ ಕಳೆಯೋದೂ ಇದೇ ಉಪಾಯ. ಸುಮಾರು ಐವತ್ತು ಮಾದರಿ ಮಾಡಿ, ಕೆಡಿಸಿ, ಮತ್ತೆ ಮಾಡಿ, 1645ರಲ್ಲಿ ಕೆಲಸ ಮಾಡೋ ಮಷೀನ್ ಜನರ ಮುಂದೆ ಇಟ್ಟ.

ಅವನ ಆರೋಗ್ಯ ಕೆಟ್ಟದ್ದು ಈ ಮಷೀನಿನ ದುಡಿಮೆಯಿಂದಲೇ ಅನ್ನೋದು ಅಕ್ಕನ ಅಭಿಪ್ರಾಯ. ಹದಿನೆಂಟರ ನಂತರ ನೋವಿಲ್ಲದ ಒಂದು ದಿನವೂ ತನಗೆ ಸಿಕ್ಕಿಲ್ಲ ಅಂತ ಅವನು ಮನೆಯವರಿಗೆ ಹೇಳಿದ್ದನಂತೆ. 1647ರ ಹೊತ್ತಿಗಂತೂ ತಡೆಯಲಾಗದ ತಲೆನೋವು, ಹೊಟ್ಟೆಯಲ್ಲಿ ಉರಿ, ಊರುಗೋಲು ಇಲ್ಲದೆ ನಡೆಯೋಕೆ ಆಗಲ್ಲ. ತಣ್ಣೀರು ಗಂಟಲಲ್ಲಿ ಇಳೀತಿರಲಿಲ್ಲ. ಬೆಚ್ಚಗೆ ಮಾಡಿ ಹನಿ ಹನಿಯಾಗಿ ಕುಡಿಯಬೇಕಿತ್ತು. ಚಿಕಿತ್ಸೆಗೆ ಅಂತ ತಂಗಿ ಜೊತೆ ಪ್ಯಾರಿಸ್‌ಗೆ ಬಂದ. ಆ ಸೆಪ್ಟೆಂಬರ್‌ನಲ್ಲಿ ನೋಡೋಕೆ ಬಂದವನು ಯಾರು ಗೊತ್ತಾ? ನಾವು ಗ್ರಾಫ್ ಹಾಕೋ ಕಾರ್ಟೀಸಿಯನ್ ಪದ್ಧತಿಯ ದೆಕಾರ್ತ್. ಹಾಸಿಗೆ ಬಿಟ್ಟು ಬೇಗ ಏಳಬೇಡ, ಗಟ್ಟಿ ಸೂಪ್ ಕುಡಿ ಅಂತ ಸಲಹೆ ಕೊಟ್ಟು ಹೋದ.

ಅದೇ ಕಾಲಕ್ಕೆ ಪಾಸ್ಕಲ್ ತಲೆಯಲ್ಲಿ ಒಂದು ಪ್ರಶ್ನೆ ಇತ್ತು. ಗಾಳಿಗೂ ತೂಕ ಇದ್ದರೆ ಬೆಟ್ಟದ ಮೇಲೆ ಒತ್ತಡ ಕಡಿಮೆ ಇರಬೇಕು, ಕೊಳವೆಯಲ್ಲಿನ ಪಾದರಸ ಕೆಳಗಿಳಿಯಬೇಕು. ಇವನು ಇರೋದು ಪ್ಯಾರಿಸ್‌ನಲ್ಲಿ, ಬೆಟ್ಟ ಇರೋದು ಹುಟ್ಟಿದೂರಲ್ಲಿ, ಮೈ ನೋಡಿದ್ರೆ ಹಿಂಗೆ. ಅಕ್ಕನ ಗಂಡ ಪೆರಿಯೆಗೆ ಏನೇನು ಮಾಡಬೇಕು ಅಂತ ಪತ್ರ ಬರೆದ. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಕೆಲವು ಜನರನ್ನು ಕರಕೊಂಡು ಪುಯಿ ದ ದೋಮ್ ಬೆಟ್ಟ ಹತ್ತಿದ. ಒಂದು ಕೊಳವೆಯನ್ನು ಕೆಳಗೇ ಇಟ್ಟು ದಿನವಿಡೀ ಒಬ್ಬರು ನೋಡ್ತಾ ಕೂತಿದ್ರು. ಅದರಲ್ಲಿ ಪಾದರಸ ಅಲುಗಾಡಲಿಲ್ಲ. ಬೆಟ್ಟದ ಮೇಲೆ ಸುಮಾರು 8 ಸೆಂಟಿಮೀಟರ್ ಇಳಿದಿತ್ತು. ಪಾಸ್ಕಲ್ ಹೆಸರಿನ ದೊಡ್ಡ ಪ್ರಯೋಗದಲ್ಲಿ ಬೆಟ್ಟ ಹತ್ತಿದ ಕಾಲು ಭಾವನದು. ಇದನ್ನು ಓದಿದಾಗ ನಮ್ಮ ದೋಸ್ತ ಮೊದಲ ಸಲ ಫೋನ್ ಕಸಕೊಂಡು ತಾನೇ ಮುಂದೆ ಓದಿದ.

ಎಲ್ಲಾ ಹಿಂಗೇ ಚಂದ ನಡೀತು ಅಂತಲ್ಲ. 1651ರಲ್ಲಿ ತಂದೆ ಹೋದ. ಮರುವರ್ಷ ಜಾಕ್ಲಿನ್ ಅಣ್ಣ ಬೇಡ ಅಂದರೂ ಕೇಳದೆ ಕ್ರೈಸ್ತ ಮಠ ಸೇರಿದಳು. ಓದು ಬಿಡು, ಜನರ ಜೊತೆ ಬೆರೆ ಅಂತ ವೈದ್ಯರು ಹೇಳಿದ್ರು. ಬೆರೆತ. ಜೂಜಾಡುವ ಗೆಳೆಯನೊಬ್ಬ ಕೇಳಿದ ಪ್ರಶ್ನೆಯಿಂದ 1654ರಲ್ಲಿ ಫೆರ್ಮಾ ಜೊತೆ ಪತ್ರ ಶುರುವಾಗಿ ಪ್ರಾಬಬಿಲಿಟಿ ಗಣಿತಕ್ಕೆ ಬುನಾದಿ ಬಿತ್ತು. ಆದ್ರೆ ಅದೇ ವರ್ಷ ಅವನಿಗೆ ಬದುಕೇ ಸಪ್ಪೆ ಅನ್ನಿಸಿತ್ತು. ಯಾವುದೂ ಬೇಡವಾಗಿದೆ ಅಂತ ತಂಗಿ ಹತ್ತಿರ ಹೋಗಿ ಹೋಗಿ ಹೇಳಿಕೊಳ್ತಿದ್ದ. ನವೆಂಬರ್ 23ರ ರಾತ್ರಿ ಅವನಿಗೆ ದೇವರ ತೀವ್ರ ಅನುಭವವಾಯಿತು. ಅದನ್ನು ಬರೆದ ಕಾಗದವನ್ನು ಕೋಟಿನ ಒಳಗೆ ಹೊಲಿದುಕೊಂಡು ಸಾಯುವವರೆಗೂ ಇಟ್ಟುಕೊಂಡಿದ್ದ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದ್ರೆ ಅದು ಬಂದ ಮೇಲೂ ನೋವು ಹೋಗಲಿಲ್ಲ ಅನ್ನೋದು ನಾವು ಗಮನಿಸಿದ್ದು.

1658ರಲ್ಲಿ ಒಂದು ರಾತ್ರಿ ಹಲ್ಲುನೋವಿಗೆ ನಿದ್ದೆ ಬರದೆ ಸೈಕ್ಲಾಯ್ಡ್ ಲೆಕ್ಕ ಹಿಡಿದ. ಉರುಳೋ ಚಕ್ರದ ಅಂಚಿನ ಒಂದು ಬಿಂದು ಬರೆಯೋ ಗೆರೆ ಅದು. ಬೆಳಗಾಗೋದರೊಳಗೆ ನೋವು ಮರೆತೇಹೋಗಿತ್ತಂತೆ. ಇಂಥ ಕಥೆ ಕೇಳಿದ್ರೆ, ನೋಡು, ಓದ್ತಾ ಇದ್ರೆ ತಲೆನೋವು ಹೋಗುತ್ತೆ ಅಂತ ಯಾರಾದ್ರೂ ಬುದ್ಧಿ ಹೇಳಬಹುದು. ತಪ್ಪು. ಮರುವರ್ಷವೇ ಅವನು ಪೂರ್ತಿ ಮಲಗಿಬಿಟ್ಟ, ತಿಂಗಳುಗಟ್ಟಲೆ ಕೆಲಸ ಆಗಲಿಲ್ಲ. ಆಮೇಲೆ ಆದಷ್ಟು ಚೀಟಿಗಳಲ್ಲಿ ಗೀಚಿದ, ಕೈಲಾಗದಾಗ ಬೇರೆಯವರಿಂದ ಬರೆಸಿದ. ಆ ತುಂಡು ಕಾಗದಗಳೇ ಅವನು ಸತ್ತ ಮೇಲೆ 1670ರಲ್ಲಿ ಪಾಂಸೇ ಅನ್ನೋ ಪ್ರಸಿದ್ಧ ಪುಸ್ತಕವಾದವು.

ಕೊನೆಯ ವರ್ಷ ಅವನು ಇನ್ನೊಂದು ಕೆಲಸ ಮಾಡಿದ. 1662ರ ಮಾರ್ಚ್ 18ರಂದು ಅವನ ಯೋಜನೆಯಂತೆ ಪ್ಯಾರಿಸ್‌ನಲ್ಲಿ ಐದು ಸೋಲ್ ದರದ ಕುದುರೆ ಗಾಡಿಗಳು ಓಡಿದವು. ಗೊತ್ತಾದ ದಾರಿ, ಗೊತ್ತಾದ ಟಿಕೆಟ್, ಸೀಟು ತುಂಬದಿದ್ದರೂ ಟೈಮಿಗೆ ಬಿಡಬೇಕು. ಸಂಪಗಾಂವಕ್ಕೆ ಟೆಂಪೋ ತುಂಬೋವರೆಗೂ ಕಾದು ಕೂತವರಿಗೆ ಇದರ ಬೆಲೆ ಗೊತ್ತು. ತನ್ನ ಪಾಲಿನ ದುಡ್ಡು ಬಡವರಿಗೆ ಹೋಗಲಿ ಅಂತ ಅವನ ಆಸೆ. ಅದೇ ಆಗಸ್ಟ್ 19ರಂದು, ಅಕ್ಕನ ಮನೆಯಲ್ಲಿ, 39ನೇ ವಯಸ್ಸಿಗೆ ತೀರಿಕೊಂಡ. ಅವನದು ಮೈಗ್ರೇನ್ ಇದ್ದಿರಬಹುದು ಅಂತ ಈಗಿನ ಕೆಲವು ವೈದ್ಯರ ಊಹೆ. ರೋಗ ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ.

ನೋವಿನಿಂದ ಅವನು ದೊಡ್ಡವನಾಗಲಿಲ್ಲ. ನೋವು ಬಿಟ್ಟುಕೊಟ್ಟ ಗಂಟೆಗಳಲ್ಲಿ ಕೆಲಸ ಮಾಡಿದ, ಆಗದ್ದನ್ನು ಭಾವನಿಗೆ ವಹಿಸಿದ, ಸಾಕಾದಾಗ ತಂಗಿಗೆ ಹೇಳಿದ. ನಮಗೆ ಹಿಡಿಸಿದ್ದು ಇಷ್ಟೇ.

ಅವನಿಗೆ ಇಲ್ಲದ್ದು ನಮಗಿದೆ. ದೋಸ್ತನನ್ನು ಡಾಕ್ಟರ್ ಹತ್ತಿರ ಕರಕೊಂಡು ಹೋದ್ವಿ. ಮೆಡಿಕಲ್ ಶಾಪ್‌ನಿಂದ ತಾನೇ ತಂದು ಪದೇ ಪದೇ ನುಂಗೋ ನೋವಿನ ಗುಳಿಗೆಯಿಂದಲೇ ತಲೆನೋವು ಹೆಚ್ಚಾಗುತ್ತೆ ಅನ್ನೋದು ಅಲ್ಲೇ ತಿಳೀತು. ಈಗ ಬಂದ ದಿನ, ನಿದ್ದೆ, ಊಟ ಎಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರೆದಿಡ್ತಾನೆ. ಮನಸ್ಸು ತೀರಾ ಕುಸಿದಾಗ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಆ ನಂಬರ್ ರೂಮಿನ ಬಾಗಿಲ ಮೇಲೆ ಅಂಟಿಸಿದ್ದೀವಿ. ತಲೆನೋವು ಪೂರ್ತಿ ಹೋಗಿಲ್ಲ. ಅವನು ಬರದ ದಿನ ನೋಟ್ಸ್ ನಾವು ತರ್ತೀವಿ. ಈ ಲೇಖನದಲ್ಲೂ ಅರ್ಧ ಅವನೇ ಕತ್ತಲೆ ರೂಮಲ್ಲಿ ಮಲಗಿ ಹೇಳಿದ್ದು, ಸ್ಕ್ರೀನ್ ನೋಡೋಕೆ ಆಗ್ತಿರಲಿಲ್ಲ ಅಂತ ಟೈಪ್ ಮಾಡಿದ್ದು ನಾವು.