ಕಿವುಡನಾದ ಗಿರಿಸಂಚಾರಿ ಲಿಯೋ ಲೆಸ್ಕೆರೂ

ಸ್ವಿಟ್ಜರ್ಲೆಂಡ್ ದೇಶದ ಜೂರಾ ಪರ್ವತಗಳ ಕಣಿವೆಯೊಂದರಲ್ಲಿ ಫ್ಲೂರಿಯೇ ಎಂಬ ಊರಿದೆ. ಅಲ್ಲಿ ಗಡಿಯಾರದ ಸ್ಪ್ರಿಂಗ್ ತಯಾರಿಸುವವನೊಬ್ಬನ ಮಗನಾಗಿ ಲಿಯೋ ಲೆಸ್ಕೆರೂ 1806ರ ನವೆಂಬರ್ 18ರಂದು ಜನಿಸಿದನು. ಬೆಟ್ಟವೇರುವುದೆಂದರೆ ಬಾಲಕನಿಗೆ ಪಂಚಪ್ರಾಣ. ಸುಮಾರು ಹತ್ತರ ವಯಸ್ಸಿನಲ್ಲಿ ತಾಯಿಗಾಗಿ ಹೂವು ತರಲೆಂದು ಕಡಿದಾದ ಇಳಿಜಾರನ್ನು ಹತ್ತಿದವನು ಕಾಲು ಜಾರಿ ಉರುಳಿದನು. ಅನೇಕ ದಿನ ಪ್ರಜ್ಞೆ ಮರಳಲಿಲ್ಲ. ಜೀವವೇನೋ ಉಳಿಯಿತು, ಶ್ರವಣಶಕ್ತಿ ಕುಂದಿತು.

ವಿದ್ಯಾವಂತನಾಗಿ ಜರ್ಮನಿಯ ಐಸೆನಾಕ್ ನಗರದಲ್ಲಿ ಫ್ರೆಂಚ್ ಭಾಷೆಯ ಅಧ್ಯಾಪಕನಾದನು. ಅಲ್ಲಿಯೇ ಕುಲೀನ ಮನೆತನದ ಸೋಫಿಯಾ ಎಂಬವಳ ಕೈಹಿಡಿದನು. ಸ್ವದೇಶಕ್ಕೆ ಮರಳಿ ಶಾಲೆಯೊಂದರ ಮುಖ್ಯಸ್ಥನೂ ಆದನು. ಆದರೆ ಕಿವುಡು ಬಲಿಯುತ್ತ ಬಂದು ಪೂರ್ಣ ಬಧಿರತೆ ಆವರಿಸಿತು. ಶಿಷ್ಯನ ಮಾತು ಕೇಳದ ಗುರುವಿಗೆ ಪೀಠವೆಲ್ಲಿ? ಹುದ್ದೆಯನ್ನು ತ್ಯಜಿಸಿ, ಗಡಿಯಾರದ ಕವಚಗಳ ಮೇಲೆ ಚಿತ್ತಾರ ಕೊರೆಯುವ ಕುಶಲಕರ್ಮಿಯಾಗಿ ಸಂಸಾರವನ್ನು ಸಾಕಬೇಕಾಯಿತು.

ತನ್ನ ಕಿವಿಯನ್ನು ಕಸಿದ ಬೆಟ್ಟವನ್ನು ಆತನು ದ್ವೇಷಿಸಲಿಲ್ಲವೆಂಬುದೇ ಇಲ್ಲಿಯ ವಿಶೇಷ. ಬಿಡುವು ಸಿಕ್ಕಾಗಲೆಲ್ಲ ಅದೇ ಬೆಟ್ಟಗಳನ್ನೇರಿ, ಬಂಡೆಗಂಟಿದ ಹಾವಸೆಗಳನ್ನು ಸಂಗ್ರಹಿಸತೊಡಗಿದನು. ಹಾವಸೆ ಆತನನ್ನು ಜೌಗುನೆಲಗಳಿಗೆ ಕರೆದೊಯ್ದಿತು. ಜೌಗಿನ ಸಸ್ಯಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ ಪೀಟ್ ಎಂಬ ಕಪ್ಪು ಇಂಧನವಾಗುತ್ತವೆ. ಒಣಗಿಸಿದರೆ ಸೌದೆಯಂತೆ ಉರಿಯುತ್ತದೆ. ಇದರ ಉತ್ಪತ್ತಿಯನ್ನು ಕುರಿತ ಈತನ ಪ್ರಬಂಧವು 1844ರಲ್ಲಿ ಪುರಸ್ಕೃತವಾಯಿತು. ವಿಖ್ಯಾತ ವಿಜ್ಞಾನಿ ಲೂಯಿ ಅಗಾಸಿಯ ಸ್ನೇಹವೂ ಒದಗಿತು.

1848ರಲ್ಲಿ ನ್ಯೂಶಾಟೆಲ್ ಪ್ರಾಂತದಲ್ಲಿ ರಾಜ್ಯಕ್ರಾಂತಿಯಾಯಿತು. ಅದೇ ವರ್ಷ ನಲವತ್ತು ದಾಟಿದ ಲೆಸ್ಕೆರೂ ಕುಟುಂಬಸಮೇತನಾಗಿ ಅಮೆರಿಕೆಗೆ ಹಡಗೇರಿದನು. ಇಂಗ್ಲಿಷ್ ನುಡಿಯನ್ನು ಆತನು ಎಂದೂ ಕಿವಿಯಾರೆ ಕೇಳಿದವನಲ್ಲ, ಆದರೂ ಕಲಿತನು! ಎದುರಿಗಿರುವವರ ತುಟಿಯ ಚಲನೆಯನ್ನು ನೋಡಿಯೇ ಫ್ರೆಂಚ್, ಜರ್ಮನ್, ಇಂಗ್ಲಿಷ್ ಮೂರನ್ನೂ ಗ್ರಹಿಸುತ್ತಿದ್ದನು. ಮಾತನಾಡುವವರು ಮುನ್ಸೂಚನೆಯಿಲ್ಲದೆ ಭಾಷೆ ಬದಲಿಸಿದಾಗ ಮಾತ್ರ ತೊಡಕು.

ಕೊಲಂಬಸ್ ನಗರದಲ್ಲಿ ಸಸ್ಯಶಾಸ್ತ್ರಜ್ಞ ವಿಲಿಯಂ ಸಲಿವಂಟ್ ಈತನಿಗೆ ಆಶ್ರಯವಿತ್ತು, ಹಾವಸೆಗಳ ಸಂಗ್ರಹಕ್ಕೆಂದು ದಕ್ಷಿಣ ಪ್ರಾಂತಗಳ ಪರ್ವತಗಳಿಗೆ ಕಳುಹಿಸಿದನು. ಭಾಷೆ ಹೊಸದು, ದೇಶ ಹೊಸದು, ಹಿಂದಿನಿಂದ ಯಾರು ಕೂಗಿದರೂ ಕೇಳಿಸದು. ಅಂಥವನು ಆ ಕಾಡುಮಲೆಗಳಲ್ಲಿ ಅಲೆದು ಬಂದನು. ಬಳಿಕ ಕಲ್ಲಿದ್ದಲ ಪದರಗಳಲ್ಲಿ ಅಚ್ಚೊತ್ತಿದ ಪ್ರಾಚೀನ ಎಲೆಗಳ ಅಧ್ಯಯನಕ್ಕೆ ತೊಡಗಿದನು. ಅವು ಸುಮಾರು 30 ಕೋಟಿ ವರ್ಷಗಳ ಹಿಂದಿನ ಅರಣ್ಯಗಳ ಗುರುತು. ನಮ್ಮ ಚಿತ್ರದುರ್ಗದ ಬಂಡೆಗಳಲ್ಲಿ ಅಂಥ ಎಲೆಯಚ್ಚು ದೊರೆಯದು. ಅವು 250 ಕೋಟಿ ವರ್ಷಗಳಷ್ಟು ಹಳೆಯವು, ನೆಲದ ಮೇಲೆ ಮರಗಿಡ ಹುಟ್ಟುವ ಮೊದಲೇ ಗಟ್ಟಿಗೊಂಡವು.

1864ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು, ಸ್ಥಾಪಕ ಸದಸ್ಯರ ತರುವಾಯ ಚುನಾಯಿಸಿದ ಮೊತ್ತಮೊದಲ ಸದಸ್ಯನಾಗಿ ಲೆಸ್ಕೆರೂವನ್ನು ಬರಮಾಡಿಕೊಂಡಿತು. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸಸ್ಯಗಳನ್ನು ಕುರಿತ ಬೃಹದ್ಗ್ರಂಥವು 1879ರಿಂದ 1884ರವರೆಗೆ ಪ್ರಕಟವಾಯಿತು. ಆಗ ಗ್ರಂಥಕರ್ತನ ವಯಸ್ಸು ಎಪ್ಪತ್ತನ್ನು ಮೀರಿತ್ತು. 1889ರ ಅಕ್ಟೋಬರ್ 25ರಂದು ಕೊಲಂಬಸ್ಸಿನಲ್ಲಿ ಆತನು ಕಾಲವಶನಾದನು.